ಹುಬಾರಾ ತೋರಿಸಿದ ಮೇಸ್ತ್ರಿ

ಮಾರ್ಚ್ ತಿಂಗಳ ಎರಡನೆಯ ಶುಕ್ರವಾರ, ಸಂಜೆ ನಾಲ್ಕು ಗಂಟೆ. ಕೊಲ್ಲಿ ನಾಡಿನ ಅಲ್ ಖುವೈರ್‌ನ ಒಂದು ಹೋಟೆಲಿನ ಮಹಡಿ ಕೋಣೆ. ಹಾಜರಿದ್ದವರು: ನಮ್ಮ ಪಕ್ಷಿವೀಕ್ಷಕರ ಬಳಗದ ಹನ್ನೊಂದು ಮಂದಿ ಸದಸ್ಯರು, ಅಧ್ಯಕ್ಷರು, ಕಾರ್ಯದರ್ಶಿಯಾಗಿ ನಾನು. ಯಾರಿಗಾಗಿ ಸಭೆ ಕರೆದಿದ್ದೆವೋ ಅವರು ಗೋಡೆಯ ಮೇಲೆ ಫೋಟೊದಲ್ಲಿದ್ದರು. ಫೋಟೊದಲ್ಲಿ ಅವರ ಕೈಗಳಿರಲಿಲ್ಲ. ಎದೆಯಿಂದ ಕೆಳಗೆ ಕತ್ತರಿಸಿ ಚೌಕಟ್ಟು ಹಾಕಿಸಿದ್ದರು.

ಕೈ ತೆಗೆದ ಮೇಲೆ ಅದು ಅವರ ಫೋಟೊವೇ ಅಲ್ಲ. ಜಾಕ್ ಜಾರಿ ಬಿದ್ದು ಎಡಗೈ ಹೆಬ್ಬೆರಳು ಚಪ್ಪಟೆಯಾಗಿತ್ತು, ಅದಕ್ಕೆ ಉಗುರಿರಲಿಲ್ಲ. ಅಂಗೈ ಗೆರೆಗಳಲ್ಲಿ ಗ್ರೀಸು ಎಷ್ಟು ವರ್ಷದಿಂದ ಕೂತಿತ್ತೆಂದರೆ ಯಾವ ಸೋಪಿಗೂ ಬಿಡುತ್ತಿರಲಿಲ್ಲ. ಆ ಕೈ ಟೆಲಿಸ್ಕೋಪಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿತೆಂದರೆ ಕಲ್ಲುಬಯಲಿನ ಬರೀ ಬೂದು ಬಣ್ಣದ ನಡುವೆ ಒಂದು ಹಕ್ಕಿಯ ಕಣ್ಣು ನಮ್ಮನ್ನೇ ನೋಡುತ್ತಿತ್ತು.

ಅಧ್ಯಕ್ಷರು ಎದ್ದು ನಿಂತು, "ನಮ್ಮ ನಿಷ್ಠಾವಂತ ಡ್ರೈವರ್" ಎಂದು ಶುರು ಮಾಡಿದರು.

ಅವರು ಡ್ರೈವರ್ ಅಲ್ಲ. ವಾದಿ ಕಬೀರ್‌ನಲ್ಲಿ ಅವರ ಗ್ಯಾರೇಜು ಇತ್ತು. ಮೂಡಬಿದಿರೆ ಕಡೆಯವರು. ಮೊದಲ ಹತ್ತು ವರ್ಷ ಮರುಭೂಮಿಯ ಕ್ಯಾಂಪುಗಳಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಎಬ್ಬಿಸುವ ಕೆಲಸ. ಬಿಡಿಭಾಗ ಬರುವವರೆಗೆ ಎರಡು ದಿನ, ಮೂರು ದಿನ ಗಾಡಿಯ ನೆರಳಿನಲ್ಲಿ ಒಬ್ಬರೇ ಕೂತಿರಬೇಕು. ಹಾಗೆ ಕೂತು ಕೂತು ಹಕ್ಕಿಗಳನ್ನು ಕಲಿತರು. ಪುಸ್ತಕ ಅವರ ಕೈಗೆ ಬಂದದ್ದು ಬಹಳ ಆಮೇಲೆ. ನಾವೆಲ್ಲ ಅವರನ್ನು ಮೇಸ್ತ್ರಿ ಎನ್ನುತ್ತಿದ್ದೆವು. ನಮ್ಮ ಬಳಗದ ಇಂಜಿನಿಯರುಗಳು, ಲೆಕ್ಕಪರಿಶೋಧಕರು, ಕಂಪನಿ ಮ್ಯಾನೇಜರುಗಳು ಕಂಡ ಅಪರೂಪದ ಹಕ್ಕಿಗಳಲ್ಲಿ ಮುಕ್ಕಾಲು ಪಾಲು ಮೇಸ್ತ್ರಿ ತೋರಿಸಿದವು. ನಮ್ಮ ಪಟ್ಟಿಯಲ್ಲಿ ಅವರ ಹೆಸರು ಒಂದು ಕಡೆಯೂ ಇಲ್ಲ. ಪಟ್ಟಿ ಬರೆಯುತ್ತಿದ್ದವನು ನಾನು.

ಅವರ ನಿಯಮಗಳು ನಾಲ್ಕೈದು ಇದ್ದವು. ಗಾಡಿಯ ಹೊರಗೆ ಯಾರೂ ಕಾಲಿಡಕೂಡದು. "ಗಾಡಿ ಅಂದ್ರೆ ಹಕ್ಕಿಗೆ ಒಂದು ದೊಡ್ಡ ಒಂಟೆ ಸಾರ್. ಇಳಿದ್ರಾ, ಒಂಟೆಯ ಹೊಟ್ಟೆಯಿಂದ ಮನುಷ್ಯ ಹೊರಗೆ ಬಂದ ಹಾಗೆ. ನೀವಾದ್ರೂ ಓಡ್ತಿರ್ಲಿಲ್ವಾ?" ಗೂಡಿನ ಮುಂದೆ ಹತ್ತು ನಿಮಿಷ, ಹೆಚ್ಚಿಲ್ಲ. ಜಾಗದ ಹೆಸರನ್ನು ಬರೆಯಕೂಡದು. ನಾನು ಹಾಸ್ಟೆಲಿನ ಗಂಟೆಗೆ ಎದ್ದು ಗಂಟೆಗೆ ಮಲಗಿ ಬೆಳೆದವನು, ದಿನಾಂಕ, ಹೊತ್ತು, ಸ್ಥಳ ಬರೆಯದಿದ್ದರೆ ಊಟ ಸೇರದವನು. ಅವರು ನನ್ನ ನೋಟ್‌ಬುಕ್ಕನ್ನು ಓರೆಗಣ್ಣಿನಿಂದ ನೋಡಿ, "ನೀವು ಹಕ್ಕಿ ನೋಡ್ಲಿಕ್ಕೆ ಬಂದದ್ದಾ, ಹಕ್ಕಿಯ ಹಾಜರಿ ತೆಗೀಲಿಕ್ಕೆ ಬಂದದ್ದಾ ಮಾರಾಯ್ರೆ?" ಎಂದು ನಗುತ್ತಿದ್ದರು.

ಒಮ್ಮೆ ನೀರಿನ ಹೊಂಡದ ಹತ್ತಿರ ಕಲ್ಲುಗೌಜಲು ಹಕ್ಕಿಗಳನ್ನು ತೋರಿಸಿದ್ದರು. ಗಂಡುಹಕ್ಕಿ ನೀರಿಗಿಳಿದು ಎದೆಯ ಪುಕ್ಕವನ್ನು ತೋಯಿಸಿಕೊಂಡು, ಹನಿಯೂ ಚೆಲ್ಲದ ಹಾಗೆ ಮರಿಗಳಿಗೆ ಕುಡಿಸಲು ಹಾರುತ್ತದೆ. "ಊರಿಗೆ ಕಳಿಸ್ಲಿಕ್ಕೆ ದುಡಿಯುವವ ಇವನೂ," ಎಂದರು.

ಹುಬಾರಾ ಹಕ್ಕಿಯನ್ನು ಅವರಿಗೆ ತೋರಿಸಿದ್ದು ಒಂಟೆ ಸಾಕುವ ಒಬ್ಬ ಮುದುಕ. ನಮ್ಮ ಕಡೆಯ ಎರೆಹೊಲಗಳಲ್ಲಿ ಹಿಂದೆ ಕಾಣುತ್ತಿದ್ದ ಎರೆಭೂತದ ಬಳಗದ್ದೇ ಈ ಹಕ್ಕಿ, ಗಾತ್ರದಲ್ಲಿ ಚಿಕ್ಕದು. ಬೇಟೆಯವರು ಅದರ ವಂಶವನ್ನೇ ತೊಳೆದಿದ್ದಾರೆ. ಮುದುಕನ ಒಂಟೆಗಳು ಮೇಯುವ ಬಯಲಿನಲ್ಲಿ ಒಂದು ಹೆಣ್ಣು ಬರೀ ನೆಲದ ಮೇಲೆ ಮೊಟ್ಟೆಯಿಟ್ಟು ಕೂತಿತ್ತು. ಅವನು ಅದನ್ನು ತನ್ನ ಮಗನಿಗೂ ಹೇಳಿರಲಿಲ್ಲವಂತೆ, ಮೇಸ್ತ್ರಿಗೆ ಹೇಳಿದ. ಮೇಸ್ತ್ರಿ ನಮ್ಮನ್ನು ನಂಬಿದರು.

ಎರಡು ವರ್ಷದ ಹಿಂದೆ, ಇದೇ ಮಾರ್ಚ್. ಬೆಳಿಗ್ಗೆ ಎಂಟು ಗಂಟೆ. ಒಂದೇ ಗಾಡಿಯಲ್ಲಿ ಮೇಸ್ತ್ರಿಯೂ ಸೇರಿ ನಾವು ಐವರು. ಮುನ್ನೂರು ಮೀಟರ್ ದೂರದಲ್ಲಿ ಮೇಸ್ತ್ರಿ ಇಂಜಿನ್ ಆರಿಸಿದರು. ಟೆಲಿಸ್ಕೋಪಿನಲ್ಲಿ ನಾನು ಆ ಹಕ್ಕಿಯ ಕತ್ತಿನ ಕಪ್ಪು ಪಟ್ಟಿಯನ್ನು ಕಂಡೆ. ಹತ್ತು ನಿಮಿಷ ಮುಗಿಯಿತು. ಮೇಸ್ತ್ರಿ ಕೀಲಿಗೆ ಕೈ ಹಾಕಿದಾಗ ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಅಧ್ಯಕ್ಷರು ಮೊಳದುದ್ದದ ಲೆನ್ಸು ಹಿಡಿದು ಇಳಿದಿದ್ದರು.

"ಹತ್ತಿ ಸಾರ್. ಯಲ್ಲಾ, ಬೇಗ ಹತ್ತಿ," ಮೇಸ್ತ್ರಿ ಕೂಗಲಿಲ್ಲ, ಹಲ್ಲು ಕಚ್ಚಿ ಹೇಳಿದರು.

"ಒಂದ ಫೋಟೊ ಅಷ್ಟ. ನಿನಗ್ಯಾಕ? ನೀ ಗಾಡಿ ನೋಡ್ಕೋ," ಎನ್ನುತ್ತ ಅಧ್ಯಕ್ಷರು ನಡೆದರು.

ಹಕ್ಕಿ ತಲೆ ತಗ್ಗಿಸಿ ಓಡಿತು, ಆಮೇಲೆ ಹಾರಿತು. ಇವರು ಗೂಡಿನ ಹತ್ತಿರ ಹೋಗಿ, ಮೊಟ್ಟೆಗಳದ್ದೂ ಒಂದು ಫೋಟೊ ತೆಗೆದುಕೊಂಡು ಬಂದರು. ಅವರು ಬಾಗಿಲು ಹಾಕುವುದಕ್ಕೂ ಗೂಡಿಗೆ ಎರಡು ಕಾಗೆ ಇಳಿಯುವುದಕ್ಕೂ ಸರಿಹೋಯಿತು. ಮೇಸ್ತ್ರಿ ಹಾರ್ನ್ ಒತ್ತಿ ಹಿಡಿದು ಗಾಡಿ ಓಡಿಸಿದರು. ನಾವು ಮುಟ್ಟುವಷ್ಟರಲ್ಲಿ ಎರಡು ಮೊಟ್ಟೆಯೂ ಒಡೆದಿದ್ದವು. ಉಳಿದ ನಾವು ಮೂವರು ಗಂಡಸರು ಗಾಡಿಯಲ್ಲಿ ಕೂತು ನೋಡಿದೆವು. ಒಬ್ಬನೂ ಬಾಯಿ ಬಿಡಲಿಲ್ಲ. ಆ ಮೂವರಲ್ಲಿ ವಯಸ್ಸಿನಲ್ಲಿ ಹಿರಿಯನು ನಾನು.

ಸುದ್ದಿ ಬಳಗದಲ್ಲಿ ಹಬ್ಬಿ ಪ್ರಶ್ನೆಗಳೆದ್ದವು. ಅಧ್ಯಕ್ಷರು ನನಗೆ ಫೋನ್ ಮಾಡಿ ನಡಾವಳಿ ಪುಸ್ತಕಕ್ಕೆ ಒಂದು ವಾಕ್ಯವನ್ನು ಹೇಳಿಯೇ ಬರೆಸಿದರು: ಚಾಲಕನು ವಾಹನವನ್ನು ಗೂಡಿನ ಸಮೀಪಕ್ಕೆ ಒಯ್ದ ಕಾರಣ ಹಕ್ಕಿ ಎದ್ದುಹೋಯಿತು. ಬಳಗ ಒಡೆಯಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಬರೆದೆ. ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ಕೈಯೆತ್ತಿ ಒಪ್ಪಿದರು. ನನ್ನ ಅಕ್ಷರ ದುಂಡಗೆ, ಸಾಲು ನೇರ, ಒಂದು ಚಿತ್ತುಕಾಟೂ ಇಲ್ಲ.

ಮೇಸ್ತ್ರಿಗೆ ತಿಳಿಯಿತು. ಅವರು ಜಗಳಕ್ಕೆ ಬರಲಿಲ್ಲ. ನಾನೇ ಗ್ಯಾರೇಜಿಗೆ ಹೋದೆ. ಗಾಡಿಯಡಿಯಿಂದಲೇ ಮಾತಾಡಿದರು.

"ಮುದುಕನ ಹತ್ರ ಹೋಗಿದ್ದೆ ಸಾರ್. ಗೂಡಿನ ಹತ್ರ ನಾನೇ ಹೋದದ್ದು ಅಂತ ಹೇಳಿ ಬಂದೆ."

"ಹಂಗ್ಯಾಕ ಹೇಳಿದ್ರಿ? ನೀವು ಹೋಗಿಲ್ಲಲ್ರಿ!"

"ಕರ್ಕೊಂಡು ಹೋದದ್ದು ಯಾರು? ಇನ್ನೊಬ್ಬನ ಹೆಸರು ಹೇಳಿ ನನಗೆ ಎಂತ ಆಗ್ಲಿಕ್ಕುಂಟು? ಮತ್ತೆ, ನೀವು ಬರೆದದ್ದೂ ಹಾಗೆಯೇ ಅಲ್ವಾ?" ಸ್ಪ್ಯಾನರಿಗಾಗಿ ಕೈ ಚಾಚಿದರು. ಕೊಟ್ಟೆ. "ಇನ್ನು ನನ್ನ ಬಯಲಿಗೆ ಬರ್ಬೇಡ ಅಂದ ಅವ. ಖಲಾಸ್."

ಆಮೇಲೆ ಅವರು ಮರುಭೂಮಿಗೆ ಹೋಗಲೇ ಇಲ್ಲ. ಕರೆದರೆ ಗಾಡಿ ಇದೆ, ಕೆಲಸ ಇದೆ ಎನ್ನುತ್ತಿದ್ದರು. ಕಳೆದ ತಿಂಗಳು, ಗ್ಯಾರೇಜಿನಲ್ಲಿಯೇ ಎದೆನೋವು ಬಂತು. ಆಸ್ಪತ್ರೆ ಮುಟ್ಟಲಿಲ್ಲ.

ಈಗ ಮತ್ತೆ ಆ ಮಹಡಿ ಕೋಣೆಗೆ ಬರುತ್ತೇನೆ. ಅಧ್ಯಕ್ಷರು ಮೇಸ್ತ್ರಿಯ ನೆನಪಿಗೆ ಪ್ರತಿವರ್ಷ ಒಂದು ಫೋಟೊ ಬಹುಮಾನವನ್ನು ಘೋಷಿಸಿದರು. ಪ್ರಶಸ್ತಿಪತ್ರದ ಮಾದರಿಯನ್ನು ಎತ್ತಿ ತೋರಿಸಿದರು. ಅದರ ಮೇಲೆ ಓಡುತ್ತಿರುವ ಹುಬಾರಾ. ಅದೇ ಹಕ್ಕಿ, ಅದೇ ಬೆಳಗು, ಅದೇ ಫೋಟೊ. ಜನ ಚಪ್ಪಾಳೆ ತಟ್ಟಿದರು.

ನಾನು ಎದ್ದೆ. "ಹಳೆಯ ನಡಾವಳಿಯಲ್ಲಿ ಒಂದು ತಿದ್ದುಪಡಿ ಇದೆ," ಎಂದೆ.

"ಈಗ್ಯಾಕ್ರಿ ಸೆಕ್ರೆಟರಿ? ಇದು ಶ್ರದ್ಧಾಂಜಲಿ ಸಭೆ. ಆ ಮಿನಿಟ್ಸ್ ಅಪ್ರೂವ್ ಆಗಿ ಎರಡು ವರ್ಷ ಆತು."

"ಸುಳ್ಳು ಅಪ್ರೂವ್ ಆಗಿತ್ರಿ. ಬರದಾಂವ ನಾನು. ಬರಿಸಿದಾಂವ ನೀವು. ಗಾಡಿ ಇಳದು ಗೂಡಿಗೆ ಹೋದಾಂವ ಯಾರು, ನೀವ ಹೇಳ್ತೀರೋ, ನಾ ಓದ್ಲೋ?"

"ವಯಸ್ಸಾತು ನಿಮಗ. ಕೂಡ್ರಿ."

ಕೂಡಲಿಲ್ಲ. ನಾಲ್ಕು ಸಾಲು ಬರೆದು ತಂದಿದ್ದೆ, ನಿಂತು ಓದಿದೆ. ಅಂದು ಗಾಡಿಯಲ್ಲಿದ್ದ ಉಳಿದ ಇಬ್ಬರು ಚಹಾದ ಕಪ್ಪುಗಳನ್ನು ನೋಡುತ್ತಿದ್ದರು. ಸಹಿ ಹಾಕಿ ಎಂದು ಅವರ ಮುಂದೆ ಹಾಳೆ ಇಟ್ಟೆ. ಒಬ್ಬರು ಹಾಕಿದರು. ಇನ್ನೊಬ್ಬರಿಗೆ ಅರ್ಜೆಂಟಾಗಿ ಫೋನು ಬಂತು. ನಡಾವಳಿ ಪುಸ್ತಕಕ್ಕೆ ಹಾಳೆಯನ್ನು ಅಂಟಿಸಿ, ರಾಜೀನಾಮೆಯನ್ನು ಮೇಜಿನ ಮೇಲಿಟ್ಟು ಹೊರಟೆ. ಆಗ ಐದೂವರೆ.

ಮೇಸ್ತ್ರಿಯ ಹೆಂಡತಿ ಮನೆ ಖಾಲಿ ಮಾಡಲು ಊರಿಂದ ಬಂದಿದ್ದರು. ನೇರ ವಾದಿ ಕಬೀರ್‌ನ ಅವರ ಫ್ಲ್ಯಾಟಿಗೆ ಹೋದೆ, ನೆಲದ ತುಂಬ ರಟ್ಟಿನ ಪೆಟ್ಟಿಗೆಗಳು. ಹಾಳೆಯ ಪ್ರತಿಯನ್ನು ಕೊಟ್ಟೆ. ನಿಂತೇ ಓದಿದರು.

"ಚಂದ ಬರೆದಿದ್ದೀರಿ ಸಾರ್. ಅವರಿರುವಾಗ ಬರೀಲಿಕ್ಕೆ ಎಂತ ಆಗಿತ್ತು ನಿಮ್ಗೆ?"

"ಆ ಒಂಟೆ ಮುದುಕನಿಗೂ ಹೇಳಬೇಕು ತಂಗಿ. ನಂಬರ್ ಬೇಕಿತ್ತು," ಎಂದೆ.

ಅವರು ಕಪಾಟಿನಿಂದ ಗಂಡನ ಫೋನನ್ನು ತಂದರು. ಮೇಸ್ತ್ರಿ ಹೋದ ದಿನದಿಂದ ಆರಿಸಿಟ್ಟದ್ದು. ಚಾರ್ಜಿಗೆ ಹಾಕಿ, ಹುಡುಕಿ, ಆ ಫೋನಿನಿಂದಲೇ ಕರೆ ಮಾಡಿ ನನ್ನ ಕೈಗೆ ಕೊಟ್ಟರು. ಎರಡನೆಯ ರಿಂಗಿಗೆ ಮುದುಕ ಎತ್ತಿದ. ನಾನು ಬಾಯಿ ತೆರೆಯುವ ಮೊದಲೇ ಕೂಗತೊಡಗಿದ.

"ಯಾ ಸದೀಕ್! ವೇನ್ ಇನ್ತ?"

ಗೆಳೆಯಾ, ಎಲ್ಲಿದ್ದೀ ಎಂದು. ನನ್ನ ಹರಕು ಅರಬ್ಬಿಗೆ ಉಳಿದದ್ದೂ ಅರ್ಥವಾಯಿತು. ತಿಂಗಳಿಂದ ಫೋನ್ ಮಾಡುತ್ತಿದ್ದೇನೆ, ಸ್ವಿಚಾಫ್ ಏಕೆ? ಹುಬಾರಾ ಮತ್ತೆ ಬಂದಿದೆ, ಮೊಟ್ಟೆಯಿಟ್ಟು ಕೂತಿದೆ. ಸಿಟ್ಟು ಮುಗಿಯಿತು. ಬಾ. ಆದರೆ ನೀನೊಬ್ಬನೇ ಬಾ, ಆ ಜನ ಬೇಡ.

ನಾನು ಆ ಜನದವನು ಎಂದು ಹೇಳಿದೆ. ಗೂಡಿಗೆ ಹೋದದ್ದು ಮೇಸ್ತ್ರಿಯಲ್ಲ, ನಮ್ಮವನೊಬ್ಬ, ಸುಳ್ಳು ಬರೆದವನು ನಾನು ಎಂದು ಹೇಳಿದೆ. ಕೊನೆಗೆ, "ಸದೀಕ್ ಮಾತ್," ಎಂದೆ. ಗೆಳೆಯ ಸತ್ತ.

ಆ ಕಡೆ ಒಂಟೆಯೊಂದು ಅರಚುತ್ತಿತ್ತು. ಮುದುಕ ದೇವರ ಹೆಸರು ಹೇಳಿದ. ಹಕ್ಕಿ ಎಲ್ಲಿ ಕೂತಿದೆ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಫೋನನ್ನು ಆರಿಸಿ ಮೇಸ್ತ್ರಿಯ ಹೆಂಡತಿಯ ಕೈಗೆ ಕೊಟ್ಟೆ. ಆಗ ಏಳು ಗಂಟೆ ಹತ್ತು ನಿಮಿಷ.