ತಿರುಗು ತೊಟ್ಟಿಲಿನ ಪೆತ್ರೋನಾ ಆಯಾ

ನಮ್ಮ ಹೊಸ ಸ್ಪೇನ್ ಸೀಮೆಯ ಪುಯೆಬ್ಲಾ ನಗರದಲ್ಲಿ ಅನಾಥ ಶಿಶುಗಳ ಪಾಲನೆಯೆಂಬ ಪುಣ್ಯಕಾರ್ಯದ ಮಾತು ಬಂದಾಗಲೆಲ್ಲ ದಾನಿಗಳಾದ ಮಹನೀಯರ ಹೆಸರುಗಳನ್ನು ಸಾಲಾಗಿ ಹೇಳುವುದು ವಾಡಿಕೆ. ಆದರೆ ಆ ಶಿಶುಗಳ ಮೂಗು ಒರೆಸಿದವರು, ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆ ಹಾಕಿದವರು, ಉಳಿಯದೆ ಹೋದವುಗಳ ಕಣ್ಣು ಮುಚ್ಚಿದವರು ಯಾರೆಂದು ಕೇಳಿದರೆ ಉತ್ತರ ಒಂದೇ: ಪೆತ್ರೋನಾ ಆಯಾ. ಸಾಂತಾ ಬ್ರಿಖಿದಾ ಶಿಶುನಿಲಯದ ಹಿರಿಯ ಆಯಾ ಆಗಿ ಇಡೀ ಆಯುಷ್ಯ ಸವೆಸಿ ಈಗ ನಿವೃತ್ತರಾಗಿರುವ ಅವರಿಗೆ ಗೌರವ ಸಂಪುಟವೊಂದನ್ನು ಅರ್ಪಿಸಬೇಕೆಂದು ಪಾಲಕ ಮಂಡಳಿಯವರು ನಿಶ್ಚಯಿಸಿ, ಅಲ್ಲೇ ಬೆಳೆದ ನಾನೂ ನಾಲ್ಕು ಸಿಹಿಮಾತು ಬರೆಯಬೇಕೆಂದು ಹೇಳಿಕಳುಹಿಸಿದರು. ಸಿಹಿಯಾದದ್ದೊಂದನ್ನು ಬರೆದು ಕೊಟ್ಟದ್ದೂ ಆಯಿತು. ಇದು ಕೊಡದೆ ಉಳಿಸಿಕೊಂಡದ್ದು.

ಪೆತ್ರೋನಾ ಆಯಾ ಅವರು ಗುಲಾಮಳಾಗಿದ್ದ ಕರಿಯ ತಾಯಿಗೂ ಅವಳನ್ನು ಕೊಂಡಿದ್ದ ಸ್ಪೇನ್ ಯಜಮಾನನಿಗೂ ಹುಟ್ಟಿದವರು. ಯಜಮಾನ ಸಾಯುವಾಗ ಮಗಳಿಗೆ ಬಿಡುಗಡೆ ಕೊಟ್ಟ, ತನ್ನ ಹೆಸರು ಕೊಡಲಿಲ್ಲ. ತಾಯಿ ಯಾರೆಂದು ಊರಿಗೆಲ್ಲ ಗೊತ್ತಿದ್ದದ್ದೇ ಅವರ ಪಾಲಿನ ಶಾಪವಾಯಿತು: ಹೋದಲ್ಲೆಲ್ಲ ಬೆರಕೆಯವಳು, ರೇಷ್ಮೆ ಉಡುವಂತಿಲ್ಲ, ಮುತ್ತು ತೊಡುವಂತಿಲ್ಲ, ಹೆಸರಿನ ಮುಂದೆ ದೋನ್ಯಾ ಎಂಬ ಮರ್ಯಾದೆಯಿಲ್ಲ. ನಿಲಯಕ್ಕೆ ಮೇಲ್ವಿಚಾರಕಿಯರಾಗಿ ಬಂದವರೆಲ್ಲ ಬಿಳಿಯ ವಿಧವೆಯರು. ಚಾಕೊಲೇಟ್ ಕುಡಿದು, ಸೆಕೆ ಜಾಸ್ತಿಯೆಂದು ಗೊಣಗಿ, ಒಬ್ಬರ ಹಿಂದೊಬ್ಬರು ಹೊರಟುಹೋದರು. ನಿಲಯ ನಡೆಸಿದವರು ಪೆತ್ರೋನಾ ಆಯಾ. ಆ ಕುರ್ಚಿ ಮಾತ್ರ ಅವರಿಗೆ ಎಂದೂ ಸಿಗಲಿಲ್ಲ.

ಬೀದಿಯ ಕಡೆಯ ಗೋಡೆಯಲ್ಲಿ ತಿರುಗು ತೊಟ್ಟಿಲಿತ್ತು. ಹೊರಗಿನಿಂದ ಮಗುವನ್ನಿಟ್ಟು ತಿರುಗಿಸಿ ಗಂಟೆ ಬಾರಿಸಿದರೆ ಮಗು ಒಳಗೆ ಬರುತ್ತಿತ್ತು, ಇಟ್ಟವರ ಮುಖ ಕಾಣುತ್ತಿರಲಿಲ್ಲ. ಹೀಗೆ ಹೆತ್ತವರು ಗೊತ್ತಿಲ್ಲದ ಮಗುವನ್ನು ಸ್ಪೇನಿನವರದೆಂದೇ, ಬೆರಕೆಯಿಲ್ಲದ ಶುದ್ಧ ರಕ್ತದ್ದೆಂದೇ ತಿಳಿಯಬೇಕೆಂಬುದು ಮೊದಲು ರೂಢಿ, ಆಮೇಲೆ ದೊರೆಯ ಆಜ್ಞೆ. ಬಣ್ಣ ತುಸು ಕಂದಿದ್ದರೆ ಬಿಸಿಲು ಎಂದರಾಯಿತು. ಇದನ್ನು ಬಲ್ಲ ಬಡ ಹೆಂಗಸರು, ಯಜಮಾನರ ಮನೆಗಳಲ್ಲಿ ಬಸಿರಾದವರು, ಹೆತ್ತ ಕೂಸನ್ನು ತೊಟ್ಟಿಲಿಗೆ ಹಾಕಿ, ಎರಡು ದಿನ ಬಿಟ್ಟು ಮೊಲೆಯೂಡುವ ಕೆಲಸ ಕೇಳಿಕೊಂಡು ಬಾಗಿಲಿಗೆ ಬರುತ್ತಿದ್ದರು. ಮಂಡಳಿಯ ಮಹನೀಯರ ಮೂಗನ್ನೇ ಹೊತ್ತು ಬಂದ ಕೂಸುಗಳೂ ಇದ್ದವು. ಅದರಿಂದ ಆ ಮಹನೀಯರಿಗೆ ಒಂದು ಹೊತ್ತಿನ ನಿದ್ದೆಯೂ ಕೆಡಲಿಲ್ಲ.

ಅಂಥ ತಾಯಿಯೊಬ್ಬಳು ಬಂದದ್ದನ್ನು ಚಿಕ್ಕವಳಿದ್ದಾಗ ಕಣ್ಣಾರೆ ಕಂಡಿದ್ದೇನೆ. ಅವಳ ಕುಪ್ಪಸ ಹಾಲಿನಿಂದ ನೆನೆದಿತ್ತು.

"ನಿನ್ ಮಗು ಎಲ್ಲಿ?" ಎಂದು ಕೇಳಿದರು ಪೆತ್ರೋನಾ ಆಯಾ.

"ಹೋಗ್ಬಿಡ್ತು ಆಯಾ."

"ದೇವ್ರು ಕೊಟ್ಟ, ದೇವ್ರೇ ತಗೊಂಡ. ಅಳ್ಬೇಡ." ಒಳಗೆ ಹೋಗಿ, ಅಷ್ಟು ಮಕ್ಕಳಲ್ಲಿ ಒಂದನ್ನು ಎತ್ತಿ ತಂದು ಅವಳ ಮಡಿಲಿಗಿಟ್ಟರು. "ತಗೋ. ಇದಕ್ಕೆ ಹಿಂದೆ ಮುಂದೆ ಯಾರೂ ಇಲ್ಲ. ಹಾಲು ಕೊಡು. ಮುತ್ತು ಗಿತ್ತು ಕೊಡೋಕೆ ಹೋಗ್ಬೇಡ, ಜನ ನೋಡ್ತಾರೆ."

ಅದು ಅವಳದೇ ಮಗು. ತಾಯಿ ಮಗು ಅದಲುಬದಲಾಗದಂತೆ ಅವರು ಹೇಗೆ ನೋಡಿಕೊಳ್ಳುತ್ತಿದ್ದರೋ, ಬಾಯಿಬಿಟ್ಟು ಹೇಳಿದವರಲ್ಲ. ಮಗು ಹಾಲು ಬಿಟ್ಟ ದಿನ ತಾಯಿ ನಿಲಯ ಬಿಡಬೇಕು, ಮತ್ತೆ ಆ ಬೀದಿಯಲ್ಲಿ ಸುಳಿಯಬಾರದು. ಅಮ್ಮ ಎಂಬ ಮಾತು ಅಲ್ಲಿ ಕನ್ಯಾಮರಿಯಮ್ಮನಿಗೆ ಮಾತ್ರ ಮೀಸಲಾಗಿತ್ತು.

ನನ್ನ ಮದುವೆಯ ಹಿಂದಿನ ದಿನ ತಡೆಯಲಾರದೆ ಕೇಳಿಬಿಟ್ಟೆ: "ನನ್ನನ್ನ ಹೆತ್ತೋರು ನೀವೇನಾ?"

ನನ್ನ ಜಡೆ ಹೆಣೆಯುತ್ತಿದ್ದ ಅವರ ಕೈ ನಿಲ್ಲಲಿಲ್ಲ. "ನಿಂಗೆ ಹೆತ್ತೋರಿಲ್ಲ ಕಣೇ. ಅದೇ ನಿನ್ ಆಸ್ತಿ. ಇನ್ನೊಂದ್ಸಲ ಕೇಳಿದ್ರೆ ಕಪಾಳಕ್ಕೆ ಬಾರಿಸ್ತೀನಿ."

ಆ ಆಸ್ತಿಯ ಬಲದಿಂದಲೇ ನಾನು ಬೆಳ್ಳಿ ಕೆಲಸದ ದೋನ್ ಲಿಯಾಂದ್ರೋ ಅವರ ಹೆಂಡತಿ ದೋನ್ಯಾ ಮಾರಿಯಾ ಆದೆ.

ಈ ವರ್ಷ ಪೆತ್ರೋನಾ ಆಯಾ ಅವರ ಮಂಡಿ ಕೈಕೊಟ್ಟಿತು, ಕೆಲಸ ಬಿಡಬೇಕಾಯಿತು. ನಿಲಯದ ಹಿತ್ತಲಲ್ಲಿ ವಯಸ್ಸಾದವರಿಗೆಂದು ಕೋಣೆಗಳಿವೆ. ಅವು ಶುದ್ಧ ರಕ್ತದವರಿಗಷ್ಟೇ ಎಂದು ಮಂಡಳಿಯವರು ವಿಷಾದದಿಂದ ತಿಳಿಸಿದರು. ನಮ್ಮನ್ನೆಲ್ಲ ಶುದ್ಧ ಮಾಡಿ ಕಳಿಸಿದವರಿಗೆ ಒಂದು ಚಾಪೆ ಹಾಸುವಷ್ಟು ಜಾಗವಿಲ್ಲ, ಸಂಪುಟ ಉಂಟು! ನನಗೆ ಮೈಯೆಲ್ಲ ಉರಿದುಹೋಯಿತು. ಅವರನ್ನು ನಮ್ಮ ಮನೆಗೇ ಕರೆತರುತ್ತೇನೆ, ತಾಯಿಯ ಜಾಗದಲ್ಲಿ ಇರಲಿ ಎಂದು ಗಂಡನಿಗೆ ಹೇಳಿದೆ.

"ಬರ್ಲಿ. ಯಾವ ಬಾಗ್ಲಿಂದ?" ಎಂದರು.

"ಮುಂಬಾಗ್ಲಿಂದ."

"ಹಾಗಾದ್ರೆ ಸಿಪ್ರಿಯಾನೋ ಸೆಮಿನರಿಗೆ ಯಾವ ಬಾಗ್ಲಿಂದ ಹೋಗ್ತಾನೆ, ಅದನ್ನೂ ಹೇಳ್ಬಿಡು."

ಸಿಪ್ರಿಯಾನೋ ನಮ್ಮ ಮಗ, ಪಾದ್ರಿಯಾಗಲು ಹಟ ಹಿಡಿದವನು. ಅದಕ್ಕೆ ಬೇಕೆಂದು, ಅವನ ರಕ್ತ ಶುದ್ಧವೆಂದು ಸಾಕ್ಷಿ ಹೇಳುವವರನ್ನು ಆಗಷ್ಟೇ ಹುಡುಕುತ್ತಿದ್ದೆವು. ನಡುಮನೆಯಲ್ಲಿ ಬೆರಕೆ ಮುದುಕಿಯೊಬ್ಬಳು ಅಜ್ಜಿಯಂತೆ ಕೂತರೆ ಯಾವ ಸಾಕ್ಷಿಯ ನಾಲಗೆ ಹೊರಳೀತು? ಆದರೂ ಹೋದೆ. ಪೆತ್ರೋನಾ ಆಯಾ ಗಂಟು ಕಟ್ಟಿಕೊಂಡು ತೊಟ್ಟಿಲ ಪಕ್ಕದಲ್ಲೇ ಕೂತಿದ್ದರು. ಮುಂಬಾಗಿಲಿಂದಲೇ ಮನೆಗೆ ಬನ್ನಿ ಎಂದು ಕರೆದೆ.

"ಮುಂಬಾಗ್ಲಂತೆ! ತಲೆ ನೆಟ್ಟಗಿದ್ಯೇನೇ ನಿಂಗೆ?" ಎಂದು ಬೈದರು. "ನಾನು ಜೀವ ತೇಯ್ದು ಕಟ್ಟಿದ್ದನ್ನ ಒಂದು ಬೆಳಿಗ್ಗೆ ಕೆಡವ್ತೀಯಾ? ಬರ್ತೀನಿ, ಹಿತ್ತಲ ಬಾಗ್ಲಿಂದ ಬರ್ತೀನಿ. ಅಡುಗೆಯೋಳು ಸಿಕ್ಕಿದ್ಳು ಅನ್ನು, ಮುಗೀತು."

ಹಾಗೆಯೇ ಬಂದರು. ಬೆಳಿಗ್ಗೆ ಜೋಳದ ಅಂಬಲಿ ಕಾಸುತ್ತಾರೆ. "ಏಯ್, ಸಿಹಿ ಸಾಲ್ದು" ಎಂದು ಸಿಪ್ರಿಯಾನೋ ಬಟ್ಟಲು ತಳ್ಳುತ್ತಾನೆ. ಅವನಿಗೆ ನಾನು ಏನು ತಾನೇ ಹೇಳಲಿ?

ಇಂಥ ಲೇಖನದ ಕೊನೆಗೆ ದೀರ್ಘಾಯುಷ್ಯ ಕೋರಬೇಕು, ಸೇವೆ ಮುಂದುವರಿಯಲೆಂದು ಹರಸಬೇಕು. ಪೆತ್ರೋನಾ ಆಯಾ ನೂರ್ಕಾಲ ಬಾಳಲಿ, ಇದನ್ನು ಮನಸಾರೆ ಹೇಳುತ್ತೇನೆ. ಸೇವೆಯಂತೂ ನಿಂತೇ ಇಲ್ಲ. ಇಗರ್ಜಿಯಲ್ಲಿ ದೋನ್ಯಾ ಎನಿಸಿಕೊಂಡವರು ಕೂರುವುದು ತಮ್ಮ ತಮ್ಮ ಜಮಖಾನದ ಮೇಲೆ, ಅದನ್ನು ಹೊತ್ತು ತಂದ ಆಳು ಕೂರುವುದು ಬರಿಯ ಕಲ್ಲಿನ ಮೇಲೆ. ಭಾನುವಾರಗಳಂದು ಪೆತ್ರೋನಾ ಆಯಾ ನನ್ನ ಜಮಖಾನ ಹೊತ್ತು ಕುಂಟುತ್ತ ಹಿಂದೆ ಬರುತ್ತಾರೆ, ಸುಕ್ಕಿಲ್ಲದಂತೆ ಹಾಸುತ್ತಾರೆ, ತಾವು ಕಲ್ಲಿಗೆ ಮಂಡಿಯೂರುತ್ತಾರೆ. ಮೊನ್ನೆ ಭಾನುವಾರ ಅವರು ನೋವಿಗೆ ನರಳಿದ್ದು ಕೇಳಿಸಿತು. ತಲೆ ತಿರುಗಿಸದೆ ಜಮಖಾನದ ಅಂಚನ್ನು ಮೆಲ್ಲಗೆ ಅವರ ಮಂಡಿಯ ಕಡೆಗೆ ತಳ್ಳಿದೆ. ಅವರು ಅದನ್ನು ಎಳೆದು, ನನ್ನ ಕಡೆಗೆ ನೇರ ಮಾಡಿ ಹಾಸಿದರು.

"ನೆಟ್ಟಗೆ ಕೂತ್ಕೊಳ್ಳಿ ಅಮ್ಮಾವ್ರೇ," ಎಂದರು. "ಜನ ನೋಡ್ತಾರೆ."