ಹುಳದ ಮನೆಯವರಿಗೆ ತಣ್ಣನೆ ಒಬ್ಬಟ್ಟು

ಹಬ್ಬದೂಟ ಅಂದರೆ ನನಗೆ ಮೊದಲು ನೆನಪಾಗುವುದು ಹೊಟ್ಟೆಕಿಚ್ಚು. ಹಸಿವು, ರುಚಿ ಎಲ್ಲ ಆಮೇಲೆ. ಹಳೆಯ ಕಾಲದ ಹಬ್ಬ ಎಷ್ಟು ಚೆನ್ನಾಗಿತ್ತು ಅಂತ ಹೇಳುವವರು ಹೇಳಿಕೊಳ್ಳಲಿ. ನನ್ನ ಪಾಲಿಗೆ ಆ ಹಬ್ಬಗಳೆಲ್ಲ ಗೋಡೆಯ ಆ ಕಡೆ ನಡೆಯುತ್ತಿದ್ದವು.

ನಮ್ಮದು ಶಿಡ್ಲಘಟ್ಟದ ಕಡೆಯ ಹಳ್ಳಿ. ಅಪ್ಪನ ಮನೆಗೂ ಚಿಕ್ಕಪ್ಪನ ಮನೆಗೂ ನಡುವೆ ಒಂದೇ ಗೋಡೆ, ಗೋಡೆಯಲ್ಲಿ ಓಡಾಡಲು ಒಂದು ಸಣ್ಣ ಬಾಗಿಲು. ಬೇಸಾಯ ಒಂದೇ, ಹಬ್ಬದ ಅಡುಗೆಯೂ ಒಂದೇ. ನಮ್ಮ ಪಡಸಾಲೆ ದೊಡ್ಡದು ಅಂತ ರೇಷ್ಮೆ ಹುಳ ನಮ್ಮ ಮನೆಗೆ ಬಂತು. ಹುಳ ಬಂದದ್ದರಿಂದ ಒಲೆ ಅವರ ಮನೆಗೆ ಹೋಯಿತು. ಹುಳಕ್ಕೆ ಒಗ್ಗರಣೆಯ ಘಾಟು ಆಗದು, ಎಣ್ಣೆ ಕಾದ ವಾಸನೆ ಆಗದು, ಇಂಗು ಆಗದು. ಹಾಗಾಗಿ ಹುಳ ಇರುವಷ್ಟು ದಿನ ನಮ್ಮ ಮನೆಯಲ್ಲಿ ಮುದ್ದೆ, ಬೇಯಿಸಿದ ಕಾಳು, ಉಪ್ಪು. ಅಷ್ಟೇ. ಹಬ್ಬದ ಅಡುಗೆಯೆಲ್ಲ ಚಿಕ್ಕಮ್ಮನ ಒಲೆಯ ಮೇಲೆ.

ಯುಗಾದಿಯಲ್ಲಿ ಯಾವಾಗಲೂ ನಮ್ಮ ಹುಳ ಕೊನೆಯ ಹಂತದಲ್ಲೇ ಇರುತ್ತಿತ್ತು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಕಳೆದು ಎದ್ದ ಹುಳ ಸೊಪ್ಪನ್ನು ಬಕಾಸುರನ ಹಾಗೆ ತಿನ್ನುತ್ತದೆ. ಹಬ್ಬ ಅಂತ ಅದಕ್ಕೆ ಗೊತ್ತಾ? ಊರೆಲ್ಲ ಎಣ್ಣೆ ಹಚ್ಚಿಕೊಂಡು ಬಿಸಿಲಲ್ಲಿ ಕೂತಿದ್ದರೆ ನಾನು ಒಣತಲೆಯಲ್ಲಿ ಸೊಪ್ಪು ಹೆಚ್ಚುತ್ತಿದ್ದೆ. ಎಣ್ಣೆ ಕೈ ಹುಳಕ್ಕೆ ತಾಗಬಾರದಲ್ಲ.

ಆ ಕಡೆ ಚಿಕ್ಕಪ್ಪನ ಮಗಳು ಇದ್ದಳು. ನನಗಿಂತ ಒಂದು ವರ್ಷ ಚಿಕ್ಕವಳು. ಅವಳ ತಲೆಗೆ ಎಣ್ಣೆ, ಸೀಗೆಕಾಯಿ, ಬಿಸಿನೀರು, ಮೇಲೆ ಹೊಸ ಲಂಗ. ಕೆಲಸ ಒಂದೇ: ಒರಳಿನ ಮುಂದೆ ಕೂತು ಒಬ್ಬಟ್ಟಿನ ಹುರಣ ರುಬ್ಬುವುದು. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಕಾವಲಿಯಿಂದ ಇಳಿದ ಮೊದಲ ಒಬ್ಬಟ್ಟು ದೇವರಿಗೆ. ಎರಡನೆಯದು ಹುರಣ ರುಬ್ಬಿದವಳಿಗೆ, ಒಲೆಯ ಮುಂದೆಯೇ, ತುಪ್ಪ ಸುರಿದು. ಮಿಕ್ಕವರೆಲ್ಲ ಪಂಕ್ತಿಗೆ ಕಾಯಬೇಕು. ಹುಳದ ಮನೆಯವರು ಇನ್ನೂ ಕಾಯಬೇಕು, ಸೊಪ್ಪು ಹಾಕಿ ಮುಗಿಸಿ, ನೀರು ಹಾಕಿಕೊಂಡು ಬರುವಷ್ಟರಲ್ಲಿ ಒಬ್ಬಟ್ಟು ತಣ್ಣಗಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತಿತ್ತು. ಅವಳು ಬಾಗಿಲಲ್ಲಿ ನಿಂತು ಬಿಸಿ ಒಬ್ಬಟ್ಟನ್ನು ಊದಿ ಊದಿ ತಿನ್ನುವಳು. ಮೊಣಕೈವರೆಗೆ ಇಳಿದ ತುಪ್ಪವನ್ನು ನೆಕ್ಕುವಳು. ನನ್ನನ್ನು ಅಣಕಿಸಲು ಅಲ್ಲ, ಪಾಪ, ಅವಳಿಗೆ ಅಷ್ಟು ಬುದ್ಧಿ ಇರಲಿಲ್ಲ. ಅದಕ್ಕೇ ನನಗೆ ಇನ್ನೂ ಉರಿಯುತ್ತಿತ್ತು.

ನನಗೆ ಹತ್ತು ವರ್ಷ ಇರಬಹುದು, ಇಸವಿ ಐವತ್ತೆಂಟೋ ಐವತ್ತೊಂಬತ್ತೋ. ಆ ಯುಗಾದಿಗೆ ಆ ಒಬ್ಬಟ್ಟು ನನ್ನ ಬಾಯಿಗೇ ಬೀಳಬೇಕು ಅಂತ ತೀರ್ಮಾನ ಮಾಡಿದೆ. ದಾರಿಯೂ ಹೊಳೆಯಿತು. ಹುಳದ ಮನೆಗೆ ಕಾಲಿಟ್ಟವರು ತಲೆಗೆ ನೀರು ಹಾಕಿಕೊಳ್ಳದೆ ಚಿಕ್ಕಮ್ಮನ ಅಡುಗೆಮನೆಗೆ ಹೋಗುವ ಹಾಗಿಲ್ಲ. ಹುಳದ ಹಿಕ್ಕೆಯ ವಾಸನೆ ದೇವರಿಗೆ ಆಗದು ಅಂತ ಚಿಕ್ಕಮ್ಮನ ಕಟ್ಟು. ಆ ಹೊತ್ತಿಗೆ ಹಂಡೆಯಲ್ಲಿ ಉಳಿದಿದ್ದದ್ದು ಒಬ್ಬರಿಗೆ ಆಗುವಷ್ಟು ನೀರು ಮಾತ್ರ. ಅವಳ ಸ್ನಾನ ಆಗಲೇ ಆಗಿತ್ತು, ಉಳಿದದ್ದು ನನ್ನ ಪಾಲಿನದು.

ಅವಳು ಇನ್ನೂ ಒರಳು ಮುಟ್ಟಿರಲಿಲ್ಲ. ತಲೆ ಒಣಗಿಸಿಕೊಳ್ಳುತ್ತ ನಡುಬಾಗಿಲ ಹತ್ತಿರ ನಿಂತಿದ್ದಳು.

"ಹುಳ ತಲೆ ಎತ್ತಿ ಆಡಿಸ್ತಾ ಅವೆ, ನೋಡ್ತೀಯೇನೇ?" ಅಂದೆ.

"ಅಮ್ಮ ಬೈತಾಳೆ."

"ಇಲ್ಲೇ ಬಾ, ಒಂದು ಹೆಜ್ಜೆ. ಯಾರಿಗೂ ಹೇಳಲ್ಲ."

ಬಂದಳು. ಬಂದ ತಕ್ಷಣ ನಾನು ಗೋಡೆಯ ಆ ಕಡೆಗೆ ಕೇಳುವ ಹಾಗೆ ಕೂಗಿದೆ. "ಚಿಕ್ಕಮ್ಮ, ಇವಳು ಹುಳದ ಮನೆ ಒಳಗೆ ಬಂದ್ಬಿಟ್ಲು."

ಚಿಕ್ಕಮ್ಮನ ತವರು ಚಿಂತಾಮಣಿಯ ಆಚೆ. ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. "ಏಮೇ, ನಿನಗೇನು ಪೊಯ್ಯೇಕಾಲಮಾ, ಸಾಯೋ ಕಾಲ ಬಂತಾ? ಹುರಣ ಯಾರೇ ರುಬ್ಬೋದು, ನಿಮ್ಮಪ್ಪನಾ?"

ನಮ್ಮ ಜೊತೆ ಹುಳ ನೋಡಿಕೊಳ್ಳುತ್ತಿದ್ದ ಅಪ್ಪನ ತಾಯಿ, ಅಜ್ಜಿ, ಹುಳದ ತಟ್ಟೆಗಳ ನಡುವಿನಿಂದ ತಲೆ ಎತ್ತಿತು. ಅಜ್ಜಿಗೆ ಮಡಿಯ ಚಿಂತೆ ಇರಲಿಲ್ಲ, ಕೆಲಸಕ್ಕೆ ಸಿಗುವ ಕೈಗಳ ಲೆಕ್ಕ ಮಾತ್ರ. "ಬಂದವಳು ಬಂದಳು, ಅದಕ್ಯಾಕೆ ಬಾಯಿ ಬಡ್ಕೊಳ್ತೀರ? ಇವಳು ಚೆನ್ನಾಗಿ ಕೈ ತೊಳ್ಕೊಂಡು ಸೊಪ್ಪು ಹಾಕ್ಲಿ. ನೀನು ಹೋಗಿ ನೀರು ಹಾಕ್ಕೊಂಡು ಹುರಣ ರುಬ್ಬು."

ಇದೇ ಮಾತಿಗೆ ನಾನು ಕಾದಿದ್ದೆ. ಎರಡು ಚೊಂಬು ತಲೆಗೆ, ಎರಡು ಮೈಗೆ ಸುರಿದುಕೊಂಡು ಓಡಿದೆ. ಬೇಳೆ ಬೆಲ್ಲ ಬಿಸಿಬಿಸಿ, ಗುಂಡುಕಲ್ಲು ನನ್ನ ತೂಕದ ಅರ್ಧ. ರಟ್ಟೆ ಬಿದ್ದುಹೋಯಿತು, ಬೆರಳು ಸುಟ್ಟಿತು. ಇದು ಕೂತು ಮಾಡುವ ಸುಖದ ಕೆಲಸ ಅಂತ ಅಷ್ಟು ವರ್ಷ ತಿಳಿದಿದ್ದೆ. ಆದರೂ ಬಿಡಲಿಲ್ಲ. ಚಿಕ್ಕಮ್ಮ ದೇವರದ್ದು ಎತ್ತಿಟ್ಟು ಎರಡನೆಯದನ್ನು ನನ್ನ ಅಂಗೈ ಮೇಲಿನ ಮುತ್ತುಗದ ಎಲೆಗೆ ಹಾಕಿ ತುಪ್ಪ ಬಿಟ್ಟಳು. "ತಗೋಮ್ಮ, ತಿನ್ನು. ರುಬ್ಬಿದ್ದು ತರಿತರಿ ಆಗೈತೆ."

ಒಬ್ಬಟ್ಟು ಚೆನ್ನಾಗಿತ್ತು. ಕದ್ದ ಪಾಲು ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಸುಳ್ಳು ಬರೆದ ಹಾಗೆ. ತುಂಬಾ ಚೆನ್ನಾಗಿತ್ತು. ಅವಳು ಮಾಡುತ್ತಿದ್ದ ಹಾಗೆಯೇ ಊದಿಕೊಂಡು, ಅವಳು ನೋಡಲಿ ಅಂತ, ನಡುಬಾಗಿಲಿಗೆ ಹೋಗಿ ನಿಂತೆ.

ಅವಳು ನನ್ನ ಕಡೆ ನೋಡಲೇ ಇಲ್ಲ. ಅಪ್ಪ ಅವಳ ಕೈ ಹಿಡಿದುಕೊಂಡಿದ್ದ.

ಹುಳ ತಲೆ ಎತ್ತಿತು ಅಂದರೆ ಹಣ್ಣಾಯಿತು, ಇನ್ನು ಗೂಡು ಕಟ್ಟುತ್ತದೆ ಅಂತ. ಇಪ್ಪತ್ತೈದು ದಿನ ಸೊಪ್ಪು ಹಾಕಿದವಳು ನಾನು, ಅಷ್ಟು ನನಗೆ ಗೊತ್ತಿಲ್ಲವಾ? ಗೊತ್ತಿತ್ತು. ಅದೇ ಹುಳವನ್ನು ತೋರಿಸಿ ಅವಳನ್ನು ಕರೆದಿದ್ದೆ. ಒಬ್ಬಟ್ಟಿನ ಗುಂಗಿನಲ್ಲಿ ತಲೆಗೆ ಹೋಗಲಿಲ್ಲ. ಮೊದಲ ಹಣ್ಣು ಹುಳವನ್ನು ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಕುಂಕುಮ ಇಟ್ಟು, ಅದರ ಮೇಲೆ ಮನೆಯ ಹೆಣ್ಣುಮಗು ಬಿಡಬೇಕು. ಮೂರು ವರ್ಷದಿಂದ ನಾನೇ ಬಿಟ್ಟಿದ್ದೆ. ಬೆಳೆ ಕೆಟ್ಟಿರಲಿಲ್ಲ. ನನ್ನ ಕೈ ಒಳ್ಳೆಯದು ಅಂತ ಅಪ್ಪ ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ.

ಅವಳು ಎರಡು ಬೆರಳಲ್ಲಿ ಹುಳವನ್ನು ಎತ್ತಿ ಬೆಳಕಿಗೆ ಹಿಡಿದಳು. ಅದು ಗಾಜಿನ ಹಾಗೆ ಹೊಳೆಯಿತು. ಚಂದ್ರಿಕೆಯ ಮೇಲೆ ಬಿಟ್ಟಳು.

"ಎಷ್ಟು ಹಗುರ ನೋಡಮ್ಮ ಈ ಮಗೀನ ಕೈ," ಅಪ್ಪ ಅಜ್ಜಿಗೆ ಹೇಳಿದ. "ಹೂವ ಇಟ್ಟಂಗೆ ಇಟ್ಟಳು."

"ನಾನು ಬಿಡ್ತಿದ್ದೆನಲ್ಲಪ್ಪ," ಅಂದೆ.

ಅಪ್ಪ ತಿರುಗಿ ನೋಡಿದ. "ಅಯ್ಯೋ, ಬಾಗಿಲ ಹತ್ರ ಬರಬೇಡ ಕಣೆ. ಮೈಯೆಲ್ಲ ತುಪ್ಪ."

ಆಮೇಲೆ ಪಂಕ್ತಿ ಕೂತಿತು. ಹುಳದ ಮನೆಯವರು ಅವತ್ತೂ ಕೊನೆಗೇ ಬಂದರು, ಅವಳೂ ಅವರ ಜೊತೆಗೇ. ಅಪ್ಪನ ಪಕ್ಕ ಕೂತಳು. ಅವಳಿಗೆ ಸಿಕ್ಕಿದ್ದು ತಣ್ಣನೆ ಒಬ್ಬಟ್ಟು, ಅಂಚು ಹರಿದದ್ದು. ಅವಳು ಮುಖ ಗಂಟು ಹಾಕಲಿ ಅಂತ ಕಾದೆ. ಹಾಕಲಿಲ್ಲ. ಹುಳ ಬೆರಳ ಮೇಲೆ ಹೇಗೆ ಹರಿಯಿತು ಅಂತ ಹೇಳುತ್ತಲೇ ಇದ್ದಳು. ಅಪ್ಪ ಊಟದಲ್ಲಿ ಮಾತಾಡುವವನಲ್ಲ. ಅವತ್ತು ಹೂಂ ಹೂಂ ಅಂತ ಕೇಳುತ್ತ ತನ್ನ ಎಲೆಯ ಒಬ್ಬಟ್ಟಿನಲ್ಲಿ ಅರ್ಧ ಮುರಿದು ಅವಳ ಎಲೆಗೆ ಹಾಕಿದ. ನನ್ನ ಎಲೆಗೆ ಅಪ್ಪ ಹಾಗೆ ಹಾಕಿದ್ದು ನನಗೆ ನೆನಪಿಲ್ಲ.

ನಾನು ಎದುರು ಸಾಲಿನಲ್ಲಿದ್ದೆ. ರುಬ್ಬಿದವಳು ಅಂತ ಚಿಕ್ಕಮ್ಮ ನನಗೆ ಬಿಸಿಬಿಸಿಯದ್ದೇ ಹಾಕುತ್ತಿದ್ದಳು. ಆಗಲೇ ಐದು ತಿಂದಿದ್ದೆ. ಒಬ್ಬಟ್ಟಿನ ಸಾರು ಗಂಟಲವರೆಗೆ ಬಂದಿತ್ತು. ಚಿಕ್ಕಮ್ಮ ತಟ್ಟೆಯಲ್ಲಿ ಕೊನೆಯ ಬಿಸಿ ಒಬ್ಬಟ್ಟು ಹಿಡಿದು ಎರಡು ಸಾಲಿನ ನಡುವೆ ನಿಂತಳು.

"ಸಾಕೇನಮ್ಮ, ಇಲ್ಲ ಹಾಕಲಾ?"

"ಹಾಕು," ಅಂದೆ.

ಹೊಟ್ಟೆಯಲ್ಲಿ ಜಾಗ ಇರಲಿಲ್ಲ. ಬೇಡ ಅಂದಿದ್ದರೆ ಅದು ಅವಳ ಎಲೆಗೆ ಹೋಗುತ್ತಿತ್ತು.