ಎರಡು ಕೋಡು, ಒಂದು ತಗ್ಗು

ಸೇಲಂನ ನಮ್ಮ ಮನೆಯ ಜಗಲಿಯಲ್ಲಿ ಅಂದು ಅಮ್ಮ, ಮರುದಿನ ಹಸೆಮಣೆ ಏರಬೇಕಿದ್ದ ಅಕ್ಕ, ನಾನು ಮತ್ತು ಪಕ್ಕದ ಮನೆಯ ಪಾಲಿಟೆಕ್ನಿಕ್ ಮೇಷ್ಟ್ರು ಇದ್ದೆವು. ತೊಂಬತ್ತರ ದಶಕದ ಮಾತು. ಅಜ್ಜಿ ಕೊಟ್ಟುಹೋದ ಬೆಳ್ಳಿ ಗೆಜ್ಜೆಯ ಕೊಂಡಿ ಮುರಿದಿತ್ತು. ಅಕ್ಕಸಾಲಿಗರ ಅಂಗಡಿಗಳು ಮುಚ್ಚಿದ್ದವು. ನಾಲ್ಕಕ್ಕೆ ಅದಿಯಮಾನ್‌ಕೋಟೆಗೆ ಮದುವೆ ವ್ಯಾನು ಹೊರಡಬೇಕು. ಮೇಷ್ಟ್ರೇ ಊದುಗೊಳವೆ ತಂದು, ತಾವೇ ಬೆಸೆದುಕೊಡುವುದಾಗಿ ಹೇಳಿದರು.

ಲೋಹಗಳ ಪಾಠವನ್ನು ತಮಿಳಿನಲ್ಲಿ ಹೇಳಿ ಹೇಳಿ ಮೇಷ್ಟ್ರು ಕನ್ನಡದಲ್ಲೂ ಗೆರೆಗೆ ಕೋಡು ಎನ್ನುತ್ತಿದ್ದರು. ಯಾರು ಅವಸರಪಟ್ಟರೂ ಗಾಳಿಯಲ್ಲಿ ಬೆರಳಿಳಿಸಿ, "ತಗ್ಗಿಗೆ ಬರ್ಲಿ, ತಾಳಿ" ಎನ್ನುವುದು ಅವರ ರೂಢಿ.

"ಬೆಳ್ಳಿಗೆ ಬೆಳ್ಳಿ ಬೆಸುಗೆ ಆಕಿದ್ರೆ ಗೆಜ್ಜೇನೂ ಕರಗೋಗಲ್ವಾ ಮೇಷ್ಟ್ರೆ?" ಅಮ್ಮ ಕೇಳಿದರು.

ಮೇಷ್ಟ್ರು ನೆಲದ ಮೇಲೆ ಸೀಮೆಸುಣ್ಣದಲ್ಲಿ, ಎರಡು ಕಡೆಯಿಂದ ಇಳಿದು ನಡುವೆ ಕೂಡುವ ಗೆರೆಗಳನ್ನು ಎಳೆದರು. "ಈ ಕೋಡಿನ ತುದೀಲಿ ಬರೀ ಬೆಳ್ಳಿ, ಆ ಕೋಡಿನ ತುದೀಲಿ ಬರೀ ತಾಮ್ರ. ಎರಡಕ್ಕೂ ಬೆಂಕಿ ಜಾಸ್ತಿ ಬೇಕು. ಬೆರೆಸಿದ್ರೆ ಈ ತಗ್ಗಿನಾಗೆ ಬೇಗ ಕರಗ್ತೈತೆ. ಬೆಸುಗೆ ತಗ್ಗಿಂದು, ಗೆಜ್ಜೆ ತುದೀದು."

"ದನದ ಮೊಕ ಬರ್ದು ನನ್ನ ಗೆಜ್ಜೆ ಸುಡ್ತಾರೆ," ಎಂದಳು ಅಕ್ಕ.

ಊದುಗೊಳವೆಯ ಜ್ವಾಲೆಗೆ ಗೆಜ್ಜೆ ಕೆಂಪಾಯಿತು. ಅಕ್ಕ ಅಮ್ಮನ ಸೆರಗು ಹಿಡಿದಳು.

"ಸಾಕು, ತೆಗೀರಿ." ಅಮ್ಮ ಕೈ ಅಡ್ಡ ಚಾಚಿದರು.

"ತಗ್ಗಿಗೆ ಬರ್ಲಿ, ತಾಳಿ."

ತಾಮ್ರ ಬೆರೆಸಿದ ಬೆಸುಗೆಯ ಚೂರು ಥಟ್ಟನೆ ನೀರಾಗಿ ಬಿರುಕಿಗೆ ಹರಿಯಿತು. ಅವರು ಜ್ವಾಲೆ ಸರಿಸಿದರು. ಗೆಜ್ಜೆ ಗೆಜ್ಜೆಯಾಗಿಯೇ ಉಳಿದಿತ್ತು.

ಅಕ್ಕ ಅದನ್ನೇ ತೊಟ್ಟು ವ್ಯಾನು ಹತ್ತಿದಳು. ಮದುವೆ ಮುಗಿಸಿ ಬಂದ ಬೆಳಿಗ್ಗೆ ಅಮ್ಮ ಜಗಲಿ ಸಾರಿಸಿದರು. ಆ ಚಿತ್ರವನ್ನು ಮಾತ್ರ ಅಳಿಸದೆ, ಎರಡು ಕೋಡಿಗೂ ಕುಂಕುಮ ಇಟ್ಟರು.